ಗಂಡಸರಿಗೆ ಆಪರೇಷನ್ ಆದರೆ ಅಡಿಕೆ ಮರ ಹತ್ತಲು ಆಗುವುದಿಲ್ಲವೇ?

"ಗಂಡಸರು ಆಪರೇಷನ್ ಮಾಡಿಸಿಕೊಂಡರೆ ಸೊಂಟದ ಬಲ ಹೋಗುತ್ತದೆ, ಭಾರದ ಕೆಲಸ ಆಗುವುದಿಲ್ಲ." ಈ ಮಾತು ವಾಟ್ಸಾಪ್‌ಗಿಂತ ಹಳೆಯದು. ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ಅಡಿಕೆ ಸೀಮೆಯಲ್ಲಿ ಕೊನೆ ಕೊಯ್ಯುವವನ ಕಿವಿಗೆ ಇದು ಬಿದ್ದರೆ ಅವನು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ಆಪರೇಷನ್ ಟೇಬಲ್ ಮೇಲೆ ಮಲಗುವವಳು ಹೆಂಡತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಮಹಿಳೆಯರಲ್ಲಿ ಸುಮಾರು ಶೇ. 38ರಷ್ಟು ಮಂದಿಗೆ ಈ ಆಪರೇಷನ್ ಆಗಿದೆ; ಕರ್ನಾಟಕದಲ್ಲಿ ಶೇ. 57. ಗಂಡಸರ ಪಾಲು ದೇಶದಲ್ಲಿ ಶೇ. 0.3 ಮಾತ್ರ.

ಹಾಗಾದರೆ ಬಲ ಎಲ್ಲಿಂದ ಬರುತ್ತದೆ? ವೃಷಣಗಳಿಗೆ ಎರಡು ಕೆಲಸ. ಒಂದು, ವೀರ್ಯಾಣು ತಯಾರಿಸುವುದು. ಇನ್ನೊಂದು, ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನ್ ತಯಾರಿಸುವುದು. ಗಡ್ಡ-ಮೀಸೆ, ಸ್ನಾಯು, ಲೈಂಗಿಕ ಆಸಕ್ತಿಗೆ ಬೇಕಾದದ್ದು ಈ ಎರಡನೆಯದು, ಮತ್ತು ಅದು ನೇರವಾಗಿ ರಕ್ತಕ್ಕೆ ಸೇರುತ್ತದೆ. ವೀರ್ಯಾಣುಗಳ ದಾರಿಯೇ ಬೇರೆ. ಅವು ಒಂದು ತೆಳುವಾದ ನಾಳದಲ್ಲಿ ಮೇಲೆ ಹೋಗುತ್ತವೆ. ವ್ಯಾಸೆಕ್ಟಮಿಯಲ್ಲಿ ಕತ್ತರಿಸಿ ಕಟ್ಟುವುದು ಈ ನಾಳವನ್ನು ಮಾತ್ರ. ರಕ್ತನಾಳ ಮುಟ್ಟುವುದಿಲ್ಲ, ವೃಷಣ ತೆಗೆಯುವುದಿಲ್ಲ. ತೋಟದ ಒಂದು ಪೈಪಿಗೆ ಬಿರಡೆ ಹಾಕಿದರೆ ಬಾವಿ ಬತ್ತುವುದಿಲ್ಲವಲ್ಲ, ಹಾಗೆ.

ವೀರ್ಯವೂ ನಿಲ್ಲುವುದಿಲ್ಲ. ಅದರ ಬಹುಪಾಲು ದ್ರವ ಬರುವುದು ಪ್ರಾಸ್ಟೇಟ್ ಮತ್ತು ಅದರ ಪಕ್ಕದ ಗ್ರಂಥಿಗಳಿಂದ. ವೀರ್ಯಾಣುಗಳು ಅದರಲ್ಲಿ ನೂರಕ್ಕೆ ಐದು ಪಾಲೂ ಇರುವುದಿಲ್ಲ. ಹೊರಗೆ ಹೋಗಲಾಗದ ವೀರ್ಯಾಣುಗಳನ್ನು ದೇಹವೇ ಹೀರಿಕೊಳ್ಳುತ್ತದೆ.

ಭಯ ಹುಟ್ಟಿದ್ದೆಲ್ಲಿ ಎಂದು ಕೇಳಿದರೆ, ನನ್ನ ಅನುಮಾನ ಕೊಟ್ಟಿಗೆಯ ಮೇಲೆ. ಹೋರಿಗೆ ಬೀಜ ಒಡೆಸುವುದನ್ನು ನೋಡಿ ಬೆಳೆದವರು ಇದನ್ನೂ ಅದೇ ಎಂದುಕೊಳ್ಳುತ್ತಾರೆ. ಅಲ್ಲಿ ರಕ್ತ ಹರಿಯುವ ದಾರಿಯನ್ನೇ ಜಜ್ಜುತ್ತಾರೆ, ಬೀಜವೇ ಒಣಗಿ ಹೋಗುತ್ತದೆ. ಇಲ್ಲಿ ಹಾಗಲ್ಲ. (ಹಾಗೆ ನೋಡಿದರೆ ಗದ್ದೆ ಹೂಡುವುದೂ ಆ ಎತ್ತೇ!) ಸರ್ಕಾರಿ ಭಾಷೆಯ ತಪ್ಪೂ ಇದೆ. 'ಸಂತಾನಶಕ್ತಿ ಹರಣ ಚಿಕಿತ್ಸೆ' ಎಂದು ಬೋರ್ಡು ಹಾಕಿದರೆ ಓದಿದವನಿಗೆ ಕಾಣುವುದು 'ಶಕ್ತಿ ಹರಣ'ವೇ. ಜೊತೆಗೆ ತುರ್ತು ಪರಿಸ್ಥಿತಿಯ ನೆನಪು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಈ ಆಪರೇಷನ್ ಆಯಿತು, ಎಷ್ಟೋ ಕಡೆ ಬಲವಂತದಿಂದ. ಆ ಭಯ ಸುಳ್ಳಲ್ಲ.

ಈಗಿನ ವಿಧಾನ ಬೇರೆ. 1974ರಲ್ಲಿ ಚೀನಾದ ವೈದ್ಯ ಲಿ ಶುನ್‌ಚಿಯಾಂಗ್ ರೂಪಿಸಿದ 'ನೋ ಸ್ಕಾಲ್ಪೆಲ್' ವಿಧಾನದಲ್ಲಿ ಚರ್ಮ ಕೊಯ್ಯುವುದಿಲ್ಲ, ಒಂದು ಸಣ್ಣ ತೂತು ಸಾಕು. ಹೊಲಿಗೆಯಿಲ್ಲ. ಆ ಜಾಗಕ್ಕಷ್ಟೇ ಅರಿವಳಿಕೆ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಅದೇ ದಿನ ಮನೆಗೆ. ಹೆಂಗಸರಿಗೆ ಹೊಟ್ಟೆಯೊಳಗೇ ಕೈಹಾಕಬೇಕಾಗುತ್ತದೆ.

ಕೆಲವು ದಿನ ನೋವು, ಸ್ವಲ್ಪ ಬಾವು ಇರಬಹುದು. ಅಪರೂಪಕ್ಕೆ ಕೆಲವರಲ್ಲಿ ನೋವು ಬಹಳ ಕಾಲ ಉಳಿಯುತ್ತದೆ. ಎರಡು ದಿನ ಪೂರ್ತಿ ವಿಶ್ರಾಂತಿ ಬೇಕು, ಒಂದು ವಾರ ಭಾರ ಎತ್ತಬಾರದು. ಮರ ಹತ್ತುವವರು ತೊಡೆಯಲ್ಲಿ ಮರ ಒತ್ತಿ ಹಿಡಿಯುವುದರಿಂದ ಡಾಕ್ಟರ್ ಹತ್ತಿರ ತಮ್ಮ ಕೆಲಸ ಏನೆಂದು ಹೇಳಿಯೇ ದಿನ ಕೇಳಿಕೊಳ್ಳಬೇಕು. ಮಳೆಗಾಲದ ಔಷಧಿ ಹೊಡೆಯುವ ಕೆಲಸ ಮುಗಿದು, ಕೊನೆ ಕೊಯ್ಲು ಶುರುವಾಗುವ ಮೊದಲಿನ ಬಿಡುವು ಅನುಕೂಲ. ಮತ್ತೆ ಜೋಡಿಸಬಹುದೆಂಬ ನಂಬಿಕೆಯಲ್ಲಿ ಮಾತ್ರ ಹೋಗಬೇಡಿ, ಅದಕ್ಕೆ ಖಾತ್ರಿ ಇಲ್ಲ.

ಇನ್ನೊಂದು ಮುಖ್ಯ ವಿಷಯ. ಆಪರೇಷನ್ ಆದ ಮರುದಿನದಿಂದಲೇ ಇದು ಕೆಲಸ ಮಾಡುವುದಿಲ್ಲ. ಕಟ್ಟಿದ ಜಾಗದ ಆಚೆಗೆ ವೀರ್ಯಾಣುಗಳು ಉಳಿದಿರುತ್ತವೆ. ಮೂರು ತಿಂಗಳು ಕಾಂಡೋಮ್ ಬಳಸಿ, ನಂತರ ವೀರ್ಯ ಪರೀಕ್ಷೆ ಮಾಡಿಸಬೇಕು. 'ಆಪರೇಷನ್ ಆಗಿದ್ದರೂ ಹೆಂಡತಿ ಬಸುರಿಯಾದಳು' ಎಂಬ ಕಥೆಗಳ ಹಿಂದೆ ಎಷ್ಟೋ ಸಲ ಇರುವುದು ಈ ಪರೀಕ್ಷೆ ಮಾಡಿಸದೇ ಇದ್ದದ್ದು. ಅದಕ್ಕೆ ಮನೆಯವಳ ಮೇಲೆ ಅನುಮಾನ ಪಟ್ಟವರೂ ಇದ್ದಾರೆ.