ಭಾರ ಹೊರುವ ಯಂತ್ರದ ಬ್ರೇಕ್ ಶೂ

1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟೆ ಶರಾವತಿಯನ್ನು ತಡೆದು ನಿಲ್ಲಿಸಿದಂದಿನಿಂದ ಕಾರ್ಗಲ್ಲು ವಿದ್ಯುತ್ತಿನ ಊರೆಂದೇ ನಾಡಿಗೆ ಪರಿಚಿತವಾಗಿದೆ. 1948ರಲ್ಲಿ ಜೋಗದ ತಳದಲ್ಲಿ ಆರಂಭಗೊಂಡು ಇಂದು ಮಹಾತ್ಮಾ ಗಾಂಧಿಯವರ ಹೆಸರನ್ನು ಧರಿಸಿರುವ ವಿದ್ಯುದಾಗಾರವನ್ನೂ, ಹತ್ತು ಘಟಕಗಳಿಂದ 1035 ಮೆಗಾವಾಟ್ ಸಾಮರ್ಥ್ಯವನ್ನು ಪಡೆದಿರುವ ಶರಾವತಿ ವಿದ್ಯುದಾಗಾರವನ್ನೂ ಕುರಿತು ಅಭಿಮಾನದಿಂದ ಮಾತನಾಡುವ ನಾವು, ಅಲ್ಲಿಯ ದೈತ್ಯಾಕಾರದ ರೋಟರುಗಳನ್ನು ದುರಸ್ತಿಗಾಗಿ ಮೇಲೆತ್ತಬೇಕಾದ ಕ್ರೇನನ್ನಾಗಲಿ, ಎತ್ತಿದ ಭಾರವನ್ನು ಅಂತರದಲ್ಲಿಯೇ ಹಿಡಿದು ನಿಲ್ಲಿಸುವ ಬ್ರೇಕನ್ನಾಗಲಿ ನೆನೆಯುವುದು ಅಪರೂಪ. ಸಾಗರದ ಕಡೆಯ ಅಡಿಕೆ ಗೋದಾಮಿನಲ್ಲಿ ಮೂಟೆಯೆತ್ತುವ ವಿದ್ಯುತ್ ಯಂತ್ರವಿದ್ದರೆ, ಅದರ ಬ್ರೇಕಿಗೂ ಮುಂದೆ ಹೇಳುವ ಮಾತುಗಳೇ ಅನ್ವಯಿಸತಕ್ಕವು.

ಕ್ರೇನಿನ ಈ ಬ್ರೇಕಿನ ರಚನೆ ಸರಳವಾದರೂ ವಿವೇಕಪೂರ್ಣವಾದುದು. ಮೋಟಾರಿನ ದಂಡದ ಮೇಲೆ ಕೂಡಿಸಿದ ಡ್ರಮ್ಮನ್ನು ಎರಡು ಬಾಗಿದ ಶೂಗಳು ಇಕ್ಕೆಲಗಳಿಂದ ಅಪ್ಪಿ ಹಿಡಿದಿರುತ್ತವೆ. ಹಿಡಿಯುವುದು ಸ್ಪ್ರಿಂಗಿನ ಬಲ, ಬಿಡಿಸುವುದು ವಿದ್ಯುತ್ತಿನ ಬಲ. ಆದುದರಿಂದ ನಡುಮಳೆಯಲ್ಲಿ ಹಠಾತ್ತನೆ ಕರೆಂಟು ಹೋದರೆ ಬ್ರೇಕು ಸಡಿಲವಾಗುವುದಿಲ್ಲ, ಬಿಗಿಯಾಗುತ್ತದೆ. ಆದರೆ ಆ ಸ್ಪ್ರಿಂಗಿನ ಬಲವು ಫಲಿಸಬೇಕಾದರೆ ಶೂವಿಗೆ ಹೊದಿಸಿದ ಲೈನಿಂಗು ಸುಸ್ಥಿತಿಯಲ್ಲಿರಲೇಬೇಕು.

ಮಲೆನಾಡಿನಲ್ಲಿ ಈ ಬ್ರೇಕಿಗೆ ಶತ್ರುಗಳು ಎರಡು. ತಿಂಗಳುಗಟ್ಟಲೆ ಕೆಲಸವಿಲ್ಲದೆ ನಿಂತ ಕ್ರೇನಿನ ಡ್ರಮ್ಮು ಮಳೆಗಾಲದ ತೇವಕ್ಕೆ ತುಕ್ಕು ಹಿಡಿಯುತ್ತದೆ. ಗೇರುಪೆಟ್ಟಿಗೆಯಿಂದ ಸೋರಿದ ಎಣ್ಣೆ ಲೈನಿಂಗಿಗೆ ಇಳಿದರೆ ಹಿಡಿತವೇ ಹೋಗುತ್ತದೆ. ತುಕ್ಕನ್ನು ಉಜ್ಜಿ ತೆಗೆಯಬಹುದು. ಎಣ್ಣೆ ಹೀರಿದ ಲೈನಿಂಗನ್ನು ಎಷ್ಟು ತೊಳೆದರೂ ಬಿಸಿಯೇರಿದಾಗ ಒಳಗಿನ ಜಿಡ್ಡು ಮತ್ತೆ ಹೊರಬರುವುದರಿಂದ, ಉಳಿತಾಯದ ಆಸೆಯನ್ನು ತೊರೆದು ಅದನ್ನು ಎಸೆಯುವುದೇ ಕ್ಷೇಮ. ರಿವೆಟು ಬಡಿದು ಕೂಡಿಸಿದ ಲೈನಿಂಗಾದರೆ, ಸವೆದಂತೆಲ್ಲ ರಿವೆಟಿನ ತಲೆ ಮೇಲೆದ್ದು ಡ್ರಮ್ಮಿನ ಮೈಯನ್ನು ಗೀರುತ್ತದೆ. ಆ ಗೀರನ್ನು ಕಂಡ ಬಳಿಕ ಬದಲಿಸಹೊರಟರೆ ಡ್ರಮ್ಮನ್ನೂ ಲೇತಿಗೆ ಕಟ್ಟಬೇಕಾದ ಖರ್ಚು ಬರುತ್ತದೆ.

ಹೊಸ ಶೂವನ್ನು ಆರಿಸುವಾಗ ಡ್ರಮ್ಮಿನ ವ್ಯಾಸ, ಶೂವಿನ ಅಗಲ, ಪಿನ್ನಿನ ರಂಧ್ರ ಇವಿಷ್ಟು ಹೊಂದಿದರೆ ಸಾಕೆಂದು ಅಂಗಡಿಯವರು ಹೇಳಬಹುದು, ಸಾಲದು. ಲೈನಿಂಗಿನ ಘರ್ಷಣಗುಣವು ಯಂತ್ರ ತಯಾರಕರು ವಿಧಿಸಿದಂತೆಯೇ ಇರಬೇಕು: ಕಡಿಮೆಯಾದರೆ ಭಾರ ಜಾರುತ್ತದೆ, ಹೆಚ್ಚಾದರೆ ಗೇರಿಗೂ ಹಗ್ಗಕ್ಕೂ ಆಘಾತ. ಎರಡು ಶೂಗಳನ್ನೂ ಜೊತೆಯಾಗಿಯೇ ಬದಲಿಸತಕ್ಕದ್ದು. ಬ್ರೇಕನ್ನು ಬಿಚ್ಚುವ ಮುನ್ನ ಕೊಕ್ಕೆಯ ಭಾರವನ್ನು ನೆಲಕ್ಕಿಳಿಸಿ, ಮುಖ್ಯ ಸ್ವಿಚ್ಚನ್ನು ಆರಿಸಿ ಬೀಗ ಹಾಕದೆ ಯಾರೂ ಸ್ಪ್ರಿಂಗನ್ನು ಮುಟ್ಟಕೂಡದು. ಜೋಡಿಸಿದ ಮೇಲೆ ಇಕ್ಕೆಲದ ಅಂತರವೂ ಸಮನಾಗಿರಬೇಕು. ಲೈನಿಂಗಿನ ಬಹುಭಾಗ ಡ್ರಮ್ಮಿಗೆ ತಾಗುವವರೆಗೆ ಹಗುರವಾದ ಭಾರಗಳನ್ನೆತ್ತಿ ಇಳಿಸಿ ಪಳಗಿಸಿದ ಬಳಿಕವೇ ಪೂರ್ಣಭಾರದ ಪರೀಕ್ಷೆ ನಡೆಸಬೇಕು. 1948ರ ಕಾರ್ಖಾನೆಗಳ ಅಧಿನಿಯಮವು ಭಾರವೆತ್ತುವ ಯಂತ್ರಗಳನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ಕೂಲಂಕಷವಾಗಿ ಪರೀಕ್ಷಿಸಬೇಕೆಂದು ವಿಧಿಸಿದುದು ನಿರರ್ಥಕವಾಗಿಯಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಬೆರೆತಿರುವುದುಂಟು. ಅದರ ಧೂಳು ಶ್ವಾಸಕೋಶವನ್ನು ಸೇರಿ, ದಶಕಗಳ ಬಳಿಕವೂ ಕ್ಯಾನ್ಸರಿಗೆ ಕಾರಣವಾಗಬಲ್ಲುದು. ಆದಕಾರಣ ಹಳೆಯ ಶೂ ಬಿಚ್ಚುವ ಕಾರ್ಮಿಕನು ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಲೈನಿಂಗನ್ನೂ ಚೀಲದಲ್ಲಿ ಮುಚ್ಚಿಡಬೇಕು. ತಕ್ಕ ಮುಖಗವಸನ್ನು ಒದಗಿಸುವುದು ಮಾಲೀಕನ ಹೊಣೆ.