ಎರೆಹೊಲದ ಕಾಲುದಾರಿ

ಕಾಲ್ನಡಿಗೆಯಿಂದ ಮೃಗಪಕ್ಷಿಗಳನ್ನು ನೋಡಬೇಕಾದರೆ ಮಲೆನಾಡಿಗೇ ಹೋಗಬೇಕೆಂದು ನಮ್ಮಲ್ಲಿ ಅನೇಕರ ಎಣಿಕೆ. ರಾಯಚೂರು ಜಿಲ್ಲೆಯ ಸಂತೆಕಲ್ಲೂರಿನ ಹೆಸರನ್ನು ಆ ಪ್ರಸಂಗದಲ್ಲಿ ಯಾರೂ ಎತ್ತರು. ಕೃಷ್ಣಾ ತುಂಗಭದ್ರೆಗಳ ನಡುವಣ ಈ ಸೀಮೆಯಲ್ಲಿ ಅಡವಿ ಕಡಿಮೆ, ಬಿಸಿಲು ಹೆಚ್ಚು. ಎರೆಹೊಲ, ಮಸಾರಿ ನೆಲ, ನಡುನಡುವೆ ಬೋಳು ಕಲ್ಲುಗುಡ್ಡ. ಹಿಂದಿನ ಶತಮಾನಗಳಲ್ಲಿ ಒಕ್ಕಲುತನವನ್ನು ಕುರಿತು ‘ಕೃಷಿ ಜ್ಞಾನ ಪ್ರದೀಪಿಕೆ’ಯನ್ನು ಬರೆದ ಘನಮಠದ ನಾಗಭೂಷಣ ಶಿವಯೋಗಿಗಳ ನೆಲೆ ಈ ಊರು. ಇಲ್ಲಿಯ ಜೀವಿಗಳೂ ಒಕ್ಕಲಿಗನ ನೆರೆಯವರೇ.

ಬೇಸಗೆಯಲ್ಲಿ ಹೊತ್ತು ಮೂಡುವ ಮೊದಲು ಬದುವನ್ನು ಹಿಡಿದು ನಡೆದರೆ ಟಿಟ್ಟಿಭದ ಕೂಗು ಕೇಳಿಬರುವುದು. ಪಂಚತಂತ್ರದಲ್ಲಿ ಮೊಟ್ಟೆಗಾಗಿ ಸಮುದ್ರದೊಡನೆ ಹಗೆ ಸಾಧಿಸಿದ ಹಕ್ಕಿಯೇ ಇದು. ಗೂಡೆಂಬುದೇ ಇಲ್ಲ, ನೆಲದ ತಗ್ಗಿನಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಮಣ್ಣುಬಣ್ಣದ ಮೇಲೆ ಕಪ್ಪು ಮಚ್ಚೆ. ಎರಡು ಮಾರು ದೂರದಲ್ಲಿ ನಿಂತರೂ ಬೆಣಚುಕಲ್ಲುಗಳಿಂದ ಅವನ್ನು ಬೇರೆಮಾಡಿ ತಿಳಿಯುವುದು ಕಷ್ಟ. ತಾಯಿತಂದೆಗಳೆರಡೂ ಸರದಿಯ ಮೇಲೆ ಕಾವು ಕೊಡುವುವು. ಬಿಸಿಲು ಏರಿದಾಗ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಮಾಡುವುದೂ ಉಂಟು. ಕೂಸನ್ನು ಸಾಕಿದ ತಾಯಂದಿರಿಗೆ ಈ ಉಪಾಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಸ್ಕಿಯ ದುರ್ಗದ ಗುಡ್ಡದಂತಹ ಕಡೆ ಬೇರೊಂದು ಲೋಕ. ಕಾದ ಬಂಡೆಯ ಮೇಲೆ ಓತಿಕೇತವು ತಲೆಯನ್ನು ಎತ್ತಿ ಇಳಿಸಿ ಸವಾಲು ಹಾಕುತ್ತಿರುವುದು. ಜೋಡಿಗೂಡುವ ಕಾಲದಲ್ಲಿ ಗಂಡಿಗೆ ಮೇಲೆಲ್ಲ ಕೆಂಪು, ಕೆಳಗೆ ಕಪ್ಪು. ಹಗಲೆಲ್ಲ ಅದರ ಬದುಕು ಬಂಡೆಯ ಮೇಲೆಯೇ. ಅಪಾಯ ಬಂದರೆ ಆಶ್ರಯ ಬಿರುಕಿನಲ್ಲಿ. ಬಂಡೆಯನ್ನು ಸೀಳಿ ಜಲ್ಲಿಮಾಡಿ ಸಾಗಿಸಿದರೆ ಅದು ಪಕ್ಕದ ಹೊಲಕ್ಕೆ ಹೋಗಿ ಬಾಳುವ ಪ್ರಾಣಿಯಲ್ಲ. ಕಲ್ಲುಗುಡ್ಡವನ್ನು ಹಾಳುಭೂಮಿಯೆಂದು ಕರೆಯುವವರು ಇದನ್ನು ಎಣಿಸಿದಂತಿಲ್ಲ.

ಈ ಗುಡ್ಡದಲ್ಲಿಯೇ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರಿಗೆ ಅಶೋಕನ ಹೆಸರನ್ನೇ ಹೇಳುವ ಶಾಸನವು ದೊರೆಯಿತು. ಅದೇ ಅರಸನು ತನ್ನ ಅಡಿಗೆಮನೆಗಾಗಿ ದಿನವೂ ಎರಡು ನವಿಲು, ಒಂದು ಜಿಂಕೆ ಮಾತ್ರ ಕೊಲ್ಲಲ್ಪಡುವುವೆಂದೂ ಮುಂದೆ ಅವೂ ನಿಲ್ಲುವುವೆಂದೂ ಬೇರೊಂದು ಶಾಸನದಲ್ಲಿ ಬರೆಸಿರುವನು; ಅದರ ಪ್ರತಿಯೊಂದು ಆಂಧ್ರದ ಎರ್ರಗುಡಿಯಲ್ಲಿದೆ. ಅಡಿಗೆಮನೆಯ ಲೆಕ್ಕವನ್ನು ಕಲ್ಲಿಗೆ ಹತ್ತಿಸಿದ ದೊರೆ ಅಪರೂಪವೇ ಸರಿ.

ಮಕ್ಕಳನ್ನು ಕರೆದೊಯ್ಯುವವರು ನೀರಿನ ತಂಬಿಗೆಯನ್ನು ಮರೆಯಬಾರದು, ಹತ್ತು ಗಂಟೆಯೊಳಗೆ ಹಿಂದಿರುಗಬೇಕು, ಬಂಡೆಯ ಸಂದಿಗೆ ಕೈಹಾಕಗೊಡಬಾರದು. ಟಿಟ್ಟಿಭವು ತಲೆಯ ಮೇಲೆಯೇ ಸುತ್ತಿ ಅರಚತೊಡಗಿದರೆ ಅಲ್ಲಿಯೇ ನಿಂತು, ಕಾಲಡಿಯನ್ನು ನೋಡಿಕೊಂಡು, ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯತಕ್ಕದ್ದು. ಆ ಹೊಲದಲ್ಲಿ ಕುಂಟೆ ಹೊಡೆಯುವವರಿದ್ದರೆ ಮೊಟ್ಟೆಗಳಿರುವ ಸ್ಥಳವನ್ನು ಅವರಿಗೆ ದೂರದಿಂದಲೇ ತೋರಿಸಿ, ಅಷ್ಟು ನೆಲವನ್ನು ಬಿಟ್ಟು ಹೊಡೆಯುವಂತೆ ಕೇಳಿಕೊಳ್ಳಬಹುದು.