ನೆಲದ ಮೇಲೆ ದಿಕ್ಕು ತಪ್ಪಿದಾಗ

ಲೋಂಡಾದಿಂದ ಖಾನಾಪುರದ ಮಾರ್ಗವಾಗಿ ಬೆಳಗಾವಿಗೆ ಬರುವ ರೈಲಿನ ಚಾಲಕನು ಗಾಡಿಯ ವೇಗವನ್ನು ಹೆಚ್ಚಿಸಬಲ್ಲನು, ತಗ್ಗಿಸಬಲ್ಲನು. ಆದರೆ ಗಾಡಿಯನ್ನು ತನಗೆ ಬೇಕಾದ ಕಡೆಗೆ ತಿರುಗಿಸಲಾರನು. ದಾರಿಯನ್ನು ಹಳಿಗಳೇ ನಿಶ್ಚಯಿಸುತ್ತವೆ. ಬೆಳಗಾವಿ ನಗರದ ಪೂರ್ವಕ್ಕೆ ಸುಮಾರು 10 ಕಿಲೋಮೀಟರ್ ದೂರದ ಸಾಂಬ್ರಾದಲ್ಲಿ ಇಳಿಯುವ ವಿಮಾನದ ಚಾಲಕನಿಗೆ ಇಂತಹ ಆಸರೆಯಿಲ್ಲ. ಆಕಾಶದಲ್ಲಿ ಮಾತ್ರವಲ್ಲ, ನೆಲದ ಮೇಲೂ ದಾರಿಯನ್ನು ಅವನೇ ಕಂಡುಕೊಳ್ಳಬೇಕು. ವಿಮಾನಗಳು ಏರುವ, ಇಳಿಯುವ ನೀಳವಾದ ಪಥಕ್ಕೆ ರನ್‌ವೇ ಎಂದು ಹೆಸರು. ನಿಲುಗಡೆಯ ಅಂಗಳದಿಂದ ಅಲ್ಲಿಗೆ ವಿಮಾನವು ಮೆಲ್ಲನೆ ಸಾಗುವ ದಾರಿಯೇ ಟ್ಯಾಕ್ಸಿವೇ.

ಸಾಂಬ್ರಾದ ವಿಮಾನ ನಿಲ್ದಾಣವನ್ನು 1942ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಬ್ರಿಟಿಷ್ ವಾಯುಪಡೆಯು ನಿರ್ಮಿಸಿತು. ಅಲ್ಲಿನ ರನ್‌ವೇ ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿ ಚಾಚಿಕೊಂಡಿದೆ. ಪೂರ್ವಾಭಿಮುಖವಾಗಿ ಓಡುವ ವಿಮಾನದ ದಿಕ್ಸೂಚಿ ಅಲ್ಲಿ ಸುಮಾರು 80 ಡಿಗ್ರಿಯನ್ನು ತೋರಿಸುತ್ತದೆ. ಕೊನೆಯ ಸೊನ್ನೆಯನ್ನು ಬಿಟ್ಟು ಆ ದಿಕ್ಕಿನ ರನ್‌ವೇಯನ್ನು 08 ಎನ್ನುತ್ತಾರೆ. ಪಶ್ಚಿಮಾಭಿಮುಖವಾಗಿ ಓಡುವಾಗ ದಿಕ್ಸೂಚಿ ಸುಮಾರು 260 ಡಿಗ್ರಿ ತೋರಿಸುವುದರಿಂದ ಅದೇ ಪಥಕ್ಕೆ 26 ಎಂಬ ಹೆಸರು. ಯಾವ ರನ್‌ವೇಯನ್ನು ತೆಗೆದುಕೊಂಡರೂ ಇಂತಹ ಎರಡು ಸಂಖ್ಯೆಗಳ ಅಂತರ 18 ಆಗಿರುವುದೇಕೆ ಎಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು.

ವಿಮಾನಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏರುತ್ತವೆ, ಎದುರಾಗಿಯೇ ಇಳಿಯುತ್ತವೆ. ಖಾನಾಪುರದ ಕಾಡುಗಳನ್ನು ತೋಯಿಸುವ ಮುಂಗಾರು ಗಾಳಿಯು ಪಶ್ಚಿಮದಿಂದ ಬೀಸುವಾಗ 26 ಅನುಕೂಲ. ಗಾಳಿಯು ಪೂರ್ವದಿಂದ ಬೀಸಿದರೆ 08. ಯಾವುದನ್ನು ಬಳಸಬೇಕೆಂಬುದನ್ನು ನಿಯಂತ್ರಣ ಗೋಪುರದ ಅಧಿಕಾರಿಗಳು ರೇಡಿಯೋ ಮೂಲಕ ಚಾಲಕರಿಗೆ ತಿಳಿಸುತ್ತಾರೆ.

2021ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬಂದ ಸ್ಪೈಸ್‌ಜೆಟ್ ವಿಮಾನಕ್ಕೆ 26ರಲ್ಲಿ ಇಳಿಯಲು ಅನುಮತಿ ದೊರೆತಿತ್ತು. ಆದರೆ ಅದು ಇಳಿದದ್ದು 08ರಲ್ಲಿ, ಅಂದರೆ ಅದೇ ಪಥದ ಇನ್ನೊಂದು ತುದಿಯಿಂದ. ಯಾರಿಗೂ ಗಾಯವಾಗಲಿಲ್ಲ. ಚಾಲಕರನ್ನು ಹಾರಾಟದ ಕೆಲಸದಿಂದ ದೂರವಿಟ್ಟು ತನಿಖೆಯನ್ನು ಆರಂಭಿಸಲಾಯಿತು.

ಪಥವು ಒಂದೇ, ಇಳಿದದ್ದೂ ಕ್ಷೇಮವಾಗಿ. ಇದರಲ್ಲಿ ಅಂತಹ ದೋಷವೇನು ಎಂದು ಯಾರಾದರೂ ಕೇಳಬಹುದು. ಗೋಪುರದವರು ಪೂರ್ವದ ಆಕಾಶವನ್ನು ನೋಡುತ್ತ ಕಾದಿರುವಾಗ ವಿಮಾನವು ಪಶ್ಚಿಮದಿಂದ ಬಂದರೆ ಅವರ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಅದೇ ಹೊತ್ತಿಗೆ ಮತ್ತೊಂದು ವಿಮಾನಕ್ಕೆ ಪಶ್ಚಿಮದತ್ತ ಏರಲು ಅವರು ಅನುಮತಿ ಕೊಟ್ಟಿದ್ದರೆ, ಎರಡೂ ಮುಖಾಮುಖಿಯಾಗುತ್ತವೆ.

ಇಂತಹ ತಪ್ಪು ಟ್ಯಾಕ್ಸಿವೇಯಲ್ಲಿ ಸಾಗುವಾಗಲೂ ಸಂಭವಿಸುತ್ತದೆ. 2006ರ ಆಗಸ್ಟ್ 27ರಂದು, ಬೆಳಕು ಹರಿಯುವ ಮುನ್ನ, ಅಮೆರಿಕದ ಲೆಕ್ಸಿಂಗ್ಟನ್ ನಿಲ್ದಾಣದಿಂದ ಕಾಮ್‌ಏರ್ ಸಂಸ್ಥೆಯ ವಿಮಾನವೊಂದು ಹೊರಟಿತು. ಅದು ಏರಬೇಕಾಗಿದ್ದುದು ಸುಮಾರು 2,130 ಮೀಟರ್ ಉದ್ದದ 22ನೆಯ ರನ್‌ವೇಯಿಂದ. ಅಲ್ಲಿಗೆ ಹೋಗಲು 26 ಎಂಬ ಇನ್ನೊಂದು ರನ್‌ವೇಯನ್ನು ದಾಟಬೇಕಿತ್ತು. ಚಾಲಕರು ದಾಟಲಿಲ್ಲ, ಅದನ್ನೇ 22 ಎಂದು ಭಾವಿಸಿ ತಿರುಗಿದರು. ಅದರ ಉದ್ದವೋ ಅರ್ಧದಷ್ಟು ಮಾತ್ರ. ಪಥದಲ್ಲಿ ದೀಪಗಳಿಲ್ಲದಿರುವುದು ವಿಚಿತ್ರವೆಂದು ಓಡುವಾಗಲೇ ಅವರಲ್ಲೊಬ್ಬರು ಹೇಳಿದ್ದರು. ಆದರೂ ವಿಮಾನವನ್ನು ನಿಲ್ಲಿಸಲಿಲ್ಲ. ವಿಮಾನದಲ್ಲಿದ್ದ 50 ಜನರಲ್ಲಿ 49 ಮಂದಿ ಮಡಿದರು. ಟ್ಯಾಕ್ಸಿವೇಯಲ್ಲಿ ಸಾಗುವಾಗ ಇಬ್ಬರು ಚಾಲಕರೂ ಕೆಲಸಕ್ಕೆ ಸಂಬಂಧಿಸದ ಮಾತುಕತೆಯಲ್ಲಿ ತೊಡಗಿದ್ದುದು ತನಿಖೆಯಲ್ಲಿ ಕಂಡುಬಂದಿತು. ದಿಕ್ಸೂಚಿಯ ಕಡೆಗೆ ಒಮ್ಮೆ ಗಮನ ಕೊಟ್ಟಿದ್ದರೆ 40 ಡಿಗ್ರಿಗಳ ವ್ಯತ್ಯಾಸವು ತಿಳಿಯುತ್ತಿತ್ತು. ಮನಸ್ಸು ಒಂದನ್ನು ನಿರೀಕ್ಷಿಸಿದಾಗ ಕಣ್ಣು ಅದನ್ನೇ ಕಾಣುತ್ತದೆ. ಅನುಭವಿಗಳೂ ಇದಕ್ಕೆ ಹೊರತಲ್ಲ.

ಈ ಭ್ರಮೆಯನ್ನು ತಡೆಯುವುದಕ್ಕಾಗಿಯೇ ನೆಲದ ಮೇಲೆ ಬಣ್ಣಗಳ ಭಾಷೆಯೊಂದನ್ನು ರೂಪಿಸಲಾಗಿದೆ. ಟ್ಯಾಕ್ಸಿವೇಯ ಗೆರೆಗಳು ಹಳದಿ, ರನ್‌ವೇಯವು ಬಿಳಿ. ರಾತ್ರಿ ಟ್ಯಾಕ್ಸಿವೇಯ ಅಂಚಿನಲ್ಲಿ ನೀಲಿ ದೀಪಗಳು, ರನ್‌ವೇಯ ಅಂಚಿನಲ್ಲಿ ಬಿಳಿಯ ದೀಪಗಳು. ರನ್‌ವೇಯನ್ನು ಸೇರುವೆಡೆಯಲ್ಲಿ ಕೆಂಪು ಫಲಕದ ಮೇಲೆ ಬಿಳಿಯ ಅಂಕಿಗಳಿರುತ್ತವೆ. ಅನುಮತಿಯಿಲ್ಲದೆ ಅದನ್ನು ದಾಟುವಂತಿಲ್ಲ.

ಆದರೆ ಮಂಜು ಕವಿದಾಗ ಬಣ್ಣಗಳೂ ಕಾಣುವುದಿಲ್ಲ. 1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಎರಡು ಬೋಯಿಂಗ್ 747 ವಿಮಾನಗಳು ಒಂದೇ ರನ್‌ವೇಯ ಮೇಲಿದ್ದವು. ಒಂದಕ್ಕೆ ಹೊರತಿರುಗಬೇಕಾದ ದಾರಿ ತಪ್ಪಿತ್ತು. ಇನ್ನೊಂದು ಅನುಮತಿಗೆ ಮೊದಲೇ ಓಡತೊಡಗಿತು. 583 ಜನ ಅಸುನೀಗಿದರು. ಅಲ್ಲಿನ ರೇಡಿಯೋ ಸಂಭಾಷಣೆಯಲ್ಲಿ ‘ಟೇಕಾಫ್’ ಎಂಬ ಮಾತನ್ನು ಇಬ್ಬರು ಎರಡು ಅರ್ಥದಲ್ಲಿ ಗ್ರಹಿಸಿದ್ದರು. ಈಗ ಏರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದುಗೊಳಿಸುವಾಗ ಮಾತ್ರ ಗೋಪುರದವರು ಆ ಪದವನ್ನು ಬಳಸುತ್ತಾರೆ. ಚಾಲಕರಾದರೋ ಕೇಳಿದ ಸಂಖ್ಯೆಯನ್ನು ಮರಳಿ ಹೇಳಬೇಕು. ಗೋಪುರದಿಂದ 26 ಎಂದು ಕೇಳಿಬಂದರೆ ವಿಮಾನದಿಂದಲೂ 26 ಎಂದೇ ಉತ್ತರ ಬರಬೇಕು. ಆಮೇಲೆ ರನ್‌ವೇಯ ತುದಿಯಲ್ಲಿ ನಿಂತು ಇಬ್ಬರು ಚಾಲಕರೂ ದಿಕ್ಸೂಚಿಯನ್ನು ನೋಡುತ್ತಾರೆ. ಮುಳ್ಳು 260ರ ಆಸುಪಾಸಿನಲ್ಲಿದ್ದರೆ ಮಾತ್ರ ಬ್ರೇಕ್ ಸಡಿಲವಾಗುತ್ತದೆ.